ಅಟ್ಟಕ್ಕೆ ಸೋರಿದ ತಂಪು

ಸೀಡರ್ ಗುಡ್ಡದ ಕಾವಲು ಗೋಪುರ, ಐಡಹೊ
ಮೇ 14, 2016

ಪ್ರೀತಿಯ ಲಾಲಾ ಅಕ್ಕ,

ಮೊನ್ನೆ ಗೋಪುರ ಹತ್ತಿದೆ. ಕಾಡಿಗೆ ಬೆಂಕಿ ಬೀಳುತ್ತಾ ಅಂತ ಕಾಯೋ ಈ ಕೆಲಸದಲ್ಲಿ ಇದು ನನ್ನ ಇಪ್ಪತ್ತೇಳನೇ ಬೇಸಿಗೆ. ಬೇಸಿಗೆ ಅನ್ನೋದು ಹೆಸರಿಗೆ ಮಾತ್ರ. ಮೆಟ್ಟಿಲ ಮೇಲೆ ಇನ್ನೂ ಹಿಮ ಇದೆ, ಸೌದೆ ಒಲೆ ಪಕ್ಕ ಎರಡು ಸ್ವೆಟರ್ ಹಾಕಿಕೊಂಡು ಬರೀತಿದೀನಿ. ಯೂಮಾದಲ್ಲಿ ಆಗಲೇ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತು ಅಂತ ರೇಡಿಯೋದವನು ಹೇಳಿದ. ಒಂದೇ ಹೊಟ್ಟೇಲಿ ಹುಟ್ಟಿದವರಲ್ಲಿ ಒಬ್ಬಳು ಬಾಣಲೇಲಿ, ಇನ್ನೊಬ್ಬ ಐಸ್ ಪೆಟ್ಟಿಗೇಲಿ.

ನೇರವಾಗಿ ವಿಷಯಕ್ಕೆ ಬರ್ತೀನಿ. ಫೆಬ್ರವರಿಯಲ್ಲಿ ಬಂದು ಹತ್ತು ದಿನ ಇದ್ದೆನಲ್ಲ, ಆಗ ನಿನ್ನ ಅಡುಗೆಮನೆ ಡ್ರಾಯರ್ ತೆಗೆದು ಕರೆಂಟ್ ಬಿಲ್ಲುಗಳನ್ನೆಲ್ಲ ನೋಡಿದೆ. ಬೈದುಕೋ. ಹೋದ ಜುಲೈನದು ಮುನ್ನೂರ ಹನ್ನೆರಡು ಡಾಲರ್. ಅಷ್ಟು ಕೊಟ್ಟ ಮೇಲೂ ಮಧ್ಯಾಹ್ನದ ಹೊತ್ತು ನೀನು ಒದ್ದೆ ಟವೆಲ್ ಹೊದ್ದು ಕೂತಿರ್ತೀಯ ಅಂತ ಪಕ್ಕದ ಮನೆ ಡೆಲ್ಫಿನಾ ಹೇಳಿದಳು. ಸೂರಿನ ಮೇಲಿರೋ ಆ ಏಸಿ ಯಂತ್ರಕ್ಕೆ ಇಪ್ಪತ್ತೆರಡು ವರ್ಷ. ಅದು ಉಸಿರಾಡೋದನ್ನ ಕೇಳಿದರೇನೇ ನನಗೆ ಆಯಾಸ ಆಗುತ್ತೆ.

ಇದರ ಜೊತೆ ಆರು ಸಾವಿರದ ಚೆಕ್ ಇಟ್ಟಿದೀನಿ. ಎಲ್ಲಿಂದ ಬಂತು ಅಂತ ಕೇಳಬೇಡ, ಕದ್ದದ್ದಂತೂ ಅಲ್ಲ. ಫೀನಿಕ್ಸ್‌ನ ಒಂದು ಅಂಗಡಿಯವರಿಗೆ ಹೇಳಿದೀನಿ, ಅವರ ಕಡೆಯವನು ಬಂದು ನೋಡ್ತಾನೆ. ದೊಡ್ಡ ಯಂತ್ರವನ್ನೇ ಹಾಕಿಸು. ಕಿಟಕಿಗಳಿಗೆ ಎರಡು ಪದರದ ಗಾಜು ಹಾಕಿಸು. ಕಡಿಮೆ ಬಿದ್ದದ್ದನ್ನ ಕಂತಿನಲ್ಲಿ ನಾನೇ ಕಟ್ತೀನಿ.

ಇನ್ನೊಂದು. ನಾನು ಒಂದು ಫಾರಂ ತುಂಬಬೇಕು. ಮನೆಯ ಮುಂಬಾಗಿಲಿಗೆ ಎಷ್ಟು ಮೆಟ್ಟಿಲು, ಹಿಂಬಾಗಿಲಿಗೆ ಎಷ್ಟು, ಮಲಗೋ ಕೋಣೆಯಿಂದ ಬಚ್ಚಲಿಗೆ ಎಷ್ಟು ಅಡಿ, ಯಾವ ಕೋಣೆಗೆ ಬೆಳಕು ಚೆನ್ನಾಗಿ ಬರುತ್ತೆ, ಇಷ್ಟನ್ನ ಅಳೆದು ಬರಿ. ಇಲ್ಲಿಗೆ ಫೋನ್ ಬರಲ್ಲ, ಸಾಮಾನಿನ ಗಾಡಿ ಮಂಗಳವಾರ ಮಾತ್ರ ಬರೋದು, ನಿನ್ನ ಕಾಗದಕ್ಕೆ ಕಾಯ್ತಿರ್ತೀನಿ.

ನಿನ್ನ
ಚೆಂಚೊ

—

ಯೂಮಾ, ಅರಿಜೋನಾ
ಮೇ 29, 2016

ಲೋ ಚೆಂಚೊ,

ಅರವತ್ಮೂರು ವರ್ಷಕ್ಕೂ ಅಕ್ಕನ ಡ್ರಾಯರ್ ತಡಕೋ ಬುದ್ಧಿ ಬಿಟ್ಟಿಲ್ಲ ನೀನು. ಚಿಕ್ಕವನಿದ್ದಾಗ ಸಕ್ಕರೆ ಹುಡುಕ್ತಿದ್ದೆ, ಈಗ ಬಿಲ್ಲು.

ಚೆಕ್ ಬಂತು. ಅಮ್ಮನ ಫೋಟೋ ಹಿಂದೆ ಇಟ್ಟಿದೀನಿ, ಬ್ಯಾಂಕಿಗೆ ಹಾಕಿಲ್ಲ. ನಿನ್ನ ಫೀನಿಕ್ಸಿನವನು ಶುಕ್ರವಾರ ಬಂದಿದ್ದ. ಈ ಬಿಸಿಲಿಗೆ ಕೋಟು ಹಾಕಿಕೊಂಡು ಬಂದವನ ಮಾತು ಎಷ್ಟು ನಂಬೋದು ಹೇಳು. ಮನೆ ಒಳಗೆ ಐದು ನಿಮಿಷವೂ ಓಡಾಡಲಿಲ್ಲ, ಅಟ್ಟದ ಕಡೆ ತಲೆ ಎತ್ತಿ ನೋಡಲಿಲ್ಲ. ಐದು ಟನ್ನಿನ ಯಂತ್ರ, ಒಂಬತ್ತು ಕಿಟಕಿ, ಎಲ್ಲ ಸೇರಿ ಹದಿನಾಲ್ಕು ಸಾವಿರದ ಎಂಟುನೂರು ಅಂದ. ಬಿಲ್ಲು ಎಷ್ಟು ಇಳಿಯುತ್ತೆ ಅಂತ ಕೇಳಿದರೆ, ಗಣನೀಯವಾಗಿ ಇಳಿಯುತ್ತೆ ಮೇಡಂ ಅಂದ. ಗಣನೀಯ ಅಂದರೆ ಎಷ್ಟಪ್ಪಾ ಅಂದೆ. ನಿಂಬೆ ಪಾನಕ ಕುಡಿದು ಹೋದ.

ಡೆಲ್ಫಿನಾ ಆಂಟೋನ್ ಬೇಲಿ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಎಲೆಕ್ಟ್ರಿಶಿಯನ್ ಕೆಲಸದಿಂದ ನಿವೃತ್ತಿ ಆದಮೇಲೆ ಅವಳೀಗ ಮನೆಗಳ ಸೋರಿಕೆ ಪರೀಕ್ಷೆ ಮಾಡ್ತಾಳೆ, ನಿನಗೆ ಗೊತ್ತಲ್ಲ. ಮಾರನೇ ದಿನ ಒಂದು ದೊಡ್ಡ ಫ್ಯಾನ್ ತಂದಳು. ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು ಅದರ ಮಧ್ಯೆ ಫ್ಯಾನ್ ಕೂರಿಸಿ, ಮನೆಯ ಗಾಳಿಯನ್ನೆಲ್ಲ ಹೊರಕ್ಕೆ ಎಳೆಯೋ ಹಾಗೆ ಹಾಕಿದಳು. ಆಮೇಲೆ ಊದುಬತ್ತಿಯಂಥದ್ದೊಂದನ್ನ ಹಚ್ಚಿ ನನ್ನ ಕೈಗೆ ಕೊಟ್ಟು, ಗೋಡೆ ಹತ್ತಿರ ಹಿಡಿದು ನಡಿ ಅಂದಳು. ಸಂದಿ ಇದ್ದ ಕಡೆ ಹೊಗೆ ಅಲುಗಾಡುತ್ತೆ. ನಮ್ಮ ಮನೇಲಿ ಹೊಗೆ ಎಲ್ಲಿ ಅಲುಗಾಡಲಿಲ್ಲ ಅಂತ ಕೇಳು! ದೀಪದ ಬುಡದಲ್ಲಿ, ಸಿಂಕಿನ ಕೆಳಗೆ, ಹಿಂಬಾಗಿಲ ಹೊಸ್ತಿಲಲ್ಲಿ. ಏಸಿ ಗಾಳಿ ಬರೋ ಜಾಲರಿ ಹತ್ತಿರ ಹಿಡಿದಾಗ ಹೊಗೆ ಮುಖಕ್ಕೇ ಹೊಡೀತು, ಅಟ್ಟದ ಧೂಳೆಲ್ಲ ಜೊತೆಗೆ ಬಂದು ಮೂರು ಸಲ ಸೀನಿದೆ.

ಅಟ್ಟ ಹತ್ತಿ ನೋಡಿದರೆ ಗಾಳಿ ಕೊಳವೆ ಎರಡು ಕಡೆ ಕೀಲು ಬಿಟ್ಟುಕೊಂಡು ಬಿದ್ದಿತ್ತು. ಡೆಲ್ಫಿನಾ ಕೆಳಗಿಳಿದು ಹೇಳಿದಳು, "ನೀನು ದುಡ್ಡು ಕೊಡೋ ತಂಪಲ್ಲಿ ಮೂರರಲ್ಲಿ ಒಂದು ಪಾಲು ಅಟ್ಟದ ಪಾರಿವಾಳಕ್ಕೆ ಹೋಗ್ತಿದೆ. ಅವು ನಿನಗೆ ಬಾಡಿಗೆ ಕೊಡ್ತಾವಾ?"

ನಾನು ಮೂವತ್ತು ವರ್ಷ ಲೆಟಿಸ್ ಪ್ಯಾಕಿಂಗ್ ಶೆಡ್ಡಿನ ಶೀತಲ ಕೋಣೇಲಿ ದುಡಿದವಳು. ಬಾಗಿಲು ಒಂದು ಬೆರಳು ತೆರೆದಿದ್ದರೂ ಮೇಸ್ತ್ರಿ ಕೂಗಾಡ್ತಿದ್ದ. ಅದೇ ನಾನು ನನ್ನ ಮನೇಲಿ ಇಷ್ಟು ವರ್ಷ ಮುಚ್ಚಳವಿಲ್ಲದ ಪೆಟ್ಟಿಗೆಗೆ ತಂಪು ತುಂಬ್ತಾ ಕೂತಿದ್ದೆ. ನಾಚಿಕೆ ಆಯಿತು.

ಡೆಲ್ಫಿನಾ ಹೇಳೋದು ಹೀಗೆ. ಮೊದಲು ಕೊಳವೆ, ಸಂದಿ ಮುಚ್ಚೋದು, ನಾನೂರೈವತ್ತು. ಅಟ್ಟದಲ್ಲಿ ಒಂದು ಮೊಳ ದಪ್ಪ ಕಾಗದದ ಹಿಂಜಿದ ಪುಡಿ ತುಂಬೋದು, ಶಾಖ ಕೆಳಗೆ ಇಳಿಯಲ್ಲ, ಸಾವಿರದ ನೂರೈವತ್ತು. ತಗಡಿನ ಸೂರಿಗೆ ಬಿಳಿ ಲೇಪ ಇನ್ನೂರೆಂಬತ್ತು, ಪಡುವಣ ಕಿಟಕಿಗಳಿಗೆ ಹೊರಗಡೆ ನೆರಳು ಬಟ್ಟೆ ತೊಂಬತ್ತು. ಯಂತ್ರ ಕೊನೆಗೆ. ಅದೂ ಅರ್ಧಕ್ಕಿಂತ ಚಿಕ್ಕದು ಸಾಕು. ಕಿಟಕಿ ಗಾಜಿನ ಗೊಡವೆಯೇ ಬೇಡ, ಅದಕ್ಕೆ ಹಾಕಿದ ದುಡ್ಡು ನಮ್ಮ ಕಾಲದಲ್ಲಿ ವಾಪಸ್ ಬರಲ್ಲ ಅಂದಳು.

ಮುಂದೆ ಎರಡು ಮೆಟ್ಟಿಲು, ಹಿಂದೆ ಮೂರು. ಬಚ್ಚಲಿಗೆ ಹನ್ನೊಂದು ಅಡಿ. ಬೆಳಕು ಎಲ್ಲ ಕೋಣೆಗೂ ಬೇಕಾದ್ದಕ್ಕಿಂತ ಜಾಸ್ತಿನೇ ಬರುತ್ತೆ, ಇದು ಯೂಮಾ. ಅದು ಯಾವ ಫಾರಂ?

ಹೊಟ್ಟೆ ತುಂಬ ತಿನ್ನು. ಒಣ ಮಾಂಸದ ಪೊಟ್ಟಣ ಬೇರೆ ಕಳಿಸಿದೀನಿ.

ಲಾಲಾ

—

ಸೀಡರ್ ಗುಡ್ಡ
ಜೂನ್ 14, 2016

ಅಕ್ಕಾ,

ಒಣ ಮಾಂಸ ಬಂತು, ಒಂದೇ ದಿನಕ್ಕೆ ಖಾಲಿ. ಮೇಲಧಿಕಾರಿ ವೆಂಡೆಲ್‌ಗೆ ಒಂದು ಚೂರು ಕೊಟ್ಟೆ, ಖಾರಕ್ಕೆ ಅವನ ಕಿವಿ ಕೆಂಪಾಯಿತು.

ನೀನು ಯಾವಾಗಲೂ ಹೀಗೆ. ಅಂಗಡಿಗೆ ಹೋದರೆ ಎಲ್ಲಕ್ಕಿಂತ ಚಿಕ್ಕ ಪಾತ್ರೆ ತರ್ತೀಯ, ಆಮೇಲೆ ಎರಡು ಸಲ ಅಡುಗೆ ಮಾಡ್ತೀಯ. ಕಾಗದದ ಪುಡಿ ತುಂಬಿದರೆ ತಂಪಾಗುತ್ತಾ? ಡೆಲ್ಫಿನಾ ಒಳ್ಳೆಯವಳೇ, ಆದರೆ ಸೆಕೆ ಅವಳಿಗೆ ತಟ್ಟಲ್ಲ, ಅವರು ಆ ನೆಲದ ಮೂಲನಿವಾಸಿಗಳು, ನಮ್ಮ ಅಜ್ಜಂದಿರು ಬರೋಕೂ ಮುಂಚಿನಿಂದ ಅಲ್ಲಿದ್ದಾರೆ. ನನಗೆ ಮನೆ ಪೂರ್ತಿ ತಂಪಾಗಬೇಕು. ಒಂದು ಕೋಣೆಯಲ್ಲ, ಎಲ್ಲ ಕೋಣೆ. ದುಡ್ಡು ಉಳಿಸೋದು ನಿನಗೆ ಚಟ ಆಗಿಬಿಟ್ಟಿದೆ. ಇದು ನನ್ನ ದುಡ್ಡು, ಖರ್ಚಾಗೋಕೇ ಕಳಿಸಿದ್ದು.

ಇಲ್ಲಿ ಹಿಮ ಕರಗಿತು, ಹುಲ್ಲು ಒಣಗ್ತಿದೆ. ಕೆಲಸ ನಡೀತಿದೆ.

ಫಾರಂನವರು ಇನ್ನೂ ಕೆಲವು ಕೇಳಿದಾರೆ. ಗೋಡೆಗಳ ಬಣ್ಣ ಯಾವುದು? ಒಲೆ ಮೇಲೆ ದೀಪ ಇದೆಯಾ? ಬಾಗಿಲ ಚೌಕಟ್ಟುಗಳಿಗೆ ಕಡು ಬಣ್ಣ ಬಳಿದರೆ ಒಳ್ಳೆಯದು ಅಂತಾರೆ, ಗೋಡೆಯಿಂದ ಎದ್ದು ಕಾಣುತ್ತಂತೆ. ಅವರ ಕಡೆಯ ಒಬ್ಬರು ಬಂದು ಮನೆ ನೋಡಬಹುದು, ಫೋಟೋ ತೆಗೀಬಹುದು. ಒಳಗೆ ಬಿಡು.

ಚೆಂಚೊ

—

ಯೂಮಾ
ಜೂನ್ 24, 2016

ಕ್ರೆಸೆನ್ಸಿಯೊಗೆ,

ಗೋಡೆ ಬಣ್ಣ ಅಮ್ಮ ಆರಿಸಿದ್ದು. ನಿನಗೆ ನೆನಪಿಲ್ಲದಿದ್ದರೆ ಹೇಳ್ತೀನಿ, ಸುಣ್ಣದ ಬಿಳಿ. ಚೌಕಟ್ಟಿಗೆ ಕಡು ಬಣ್ಣ ಬಳಿಯಲ್ಲ.

ಮಂಗಳವಾರ ಒಬ್ಬ ಹೆಂಗಸು ಬಂದಿದ್ದಳು. ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟೇಪು. ಮೆಟ್ಟಿಲಿನ ಫೋಟೋ ತೆಗೆದಳು. ಯಾರ ಕಡೆಯಿಂದ ಅಂದರೆ, ನಿಮ್ಮ ತಮ್ಮ ಹೇಳೋವರೆಗೆ ನಾನು ಹೇಳೋ ಹಾಗಿಲ್ಲ ಅಂದಳು. ಬಾಗಿಲು ಹಾಕಿಕೊಂಡೆ.

ನನಗೆ ಅರವತ್ತೇಳು ವರ್ಷ, ದಡ್ಡಿ ಅಲ್ಲ. ಎದುರು ಮನೆ ಫಿಲೋಮೆನಾಗೆ ಆಗಿದ್ದನ್ನ ನೋಡಿದವಳು. ಅವಳ ಅಣ್ಣನೂ ಹೀಗೇ ಮೊದಲು ಕಿಟಕಿ ಬದಲಾಯಿಸಿ ಕೊಟ್ಟ, ಆಮೇಲೆ ದೊಡ್ಡ ಏಸಿ, ಆಮೇಲೆ ಬಣ್ಣ. ಎಷ್ಟು ಒಳ್ಳೆಯ ಅಣ್ಣ ಅಂತ ನಾವೆಲ್ಲ ಅಂದುಕೊಂಡೆವು. ಆರು ತಿಂಗಳಿಗೆ ಅಂಗಳದಲ್ಲಿ ಮಾರಾಟದ ಬೋರ್ಡು. ಫಿಲೋಮೆನಾ ಈಗ ಮಗಳ ಮನೆ ಗ್ಯಾರೇಜಿನಲ್ಲಿ ಇದ್ದಾಳೆ.

ಮನೆ ಅರ್ಧ ನಿನ್ನದು, ಅಪ್ಪ ಹಾಗೇ ಬರೆದಿಟ್ಟು ಹೋದ. ಮಾರಬೇಕು ಅನ್ನಿಸಿದರೆ ಬಾಯಿಬಿಟ್ಟು ಹೇಳು. ಫಾರಂ, ಮೆಟ್ಟಿಲು ಅಂತ ಸುತ್ತಿ ಬಳಸಿ ಕೇಳಬೇಡ. ಎಂಟು ವರ್ಷ ಅಮ್ಮನನ್ನ ಈ ಮನೆಯಲ್ಲಿ ಎತ್ತಿ ಇಳಿಸಿದೀನಿ, ಯಾರ ಹತ್ತಿರವೂ ಲೆಕ್ಕ ಕೇಳಿಲ್ಲ. ಈಗಲೂ ಕೇಳಲ್ಲ.

ಅಟ್ಟದ ಕೆಲಸ ನನ್ನ ದುಡ್ಡಲ್ಲೇ ಮಾಡಿಸ್ತೀನಿ. ಇಲ್ಲಿ ಎಲ್ಲ ಚೆನ್ನಾಗಿದೆ, ಯಂತ್ರ ಓಡ್ತಿದೆ.

ಚೆಕ್ ವಾಪಸ್ ಇಟ್ಟಿದೀನಿ.

ಎವ್ಲಾಲಿಯಾ

—

ಸೀಡರ್ ಗುಡ್ಡ
ಜುಲೈ 5, 2016

ಅಕ್ಕಾ,

ನಿನ್ನ ಕಾಗದ ಇವತ್ತು ಬಂತು. ಗಾಡಿಯವನು ಕೆಳಗೆ ಸಾಮಾನು ಇಳಿಸ್ತಿದ್ದಾನೆ, ಅವನು ಹೊರಡೋದರೊಳಗೆ ಬರೀತಿದೀನಿ.

ಮಾರಲ್ಲ. ಅಮ್ಮನ ಆಣೆ. ಆ ಯೋಚನೆಯೇ ನನಗೆ ಬಂದಿರಲಿಲ್ಲ. ನೀನು ಹಾಗೆ ಅಂದುಕೊಳ್ಳೋದಕ್ಕೆ ನಾನೇ ಕಾರಣ ಕೊಟ್ಟೆ, ಗೊತ್ತಾಯಿತು. ಆ ಹೆಂಗಸು ಯಾಕೆ ಬಂದಳು ಅನ್ನೋದನ್ನ ಬರೆಯೋಕೆ ಕೂತರೆ ಮುಂದೆ ಹೋಗ್ತಿಲ್ಲ. ಸ್ವಲ್ಪ ದಿನ ಕೊಡು.

ನನ್ನನ್ನ ಕ್ರೆಸೆನ್ಸಿಯೊ ಅನ್ನಬೇಡ. ಹಾಗೆ ಕರೀತಿದ್ದದ್ದು ಅಪ್ಪ ಒಬ್ಬರೇ, ಅದೂ ಬೆಲ್ಟ್ ಬಿಚ್ಚುವಾಗ.

ಚೆಂಚೊ

—

ಸೀಡರ್ ಗುಡ್ಡ
ಜುಲೈ 19, 2016

ಅಕ್ಕಾ,

ಹೋದ ಮಂಗಳವಾರ ಕಾಗದ ಇಲ್ಲ. ಇವತ್ತೂ ಇಲ್ಲ. ಕೋಪ ಇದ್ದರೆ ಕೋಪದ್ದೇ ಎರಡು ಸಾಲು ಬರಿ, ಹೆಸರೂ ಹಾಕಬೇಡ, ಅಕ್ಷರ ನೋಡಿದರೆ ಸಾಕು.

ಯೂಮಾದಲ್ಲಿ ನೂರ ಹದಿನಾರು ಅಂತ ಹೇಳಿದರು. ವೆಂಡೆಲ್ ಕೈಲಿ ಪೇಟೆಯಿಂದ ನಿನಗೆ ಫೋನ್ ಮಾಡಿಸಿದೆ. ಹನ್ನೊಂದು ಸಲ ರಿಂಗ್ ಆಗಿ ನಿಂತುಹೋಯಿತಂತೆ. ಎರಡು ದಿನ ಮಾಡಿಸಿದೆ. ಡೆಲ್ಫಿನಾ ನಂಬರ್ ನನ್ನ ಹತ್ತಿರ ಇಲ್ಲ. ಎಷ್ಟು ಸಲ ಬಂದು ಅವಳ ಮನೇಲಿ ಉಂಡಿದೀನಿ, ನಂಬರ್ ಬರೆದುಕೊಳ್ಳಬೇಕು ಅನ್ನಿಸಲಿಲ್ಲ.

ಎಲ್ಲಿದೀಯ?

ಚೆಂಚೊ

—

ಯೂಮಾ
ಜುಲೈ 20, 2016

ಚೆಂಚೊ,

ಮೊದಲೇ ಹೇಳಿಬಿಡ್ತೀನಿ, ಚೆನ್ನಾಗಿದೀನಿ. ಡೆಲ್ಫಿನಾ ಅಡುಗೆಮನೆ ಮೇಜಿನ ಮೇಲೆ ಕೂತು ಬರೀತಿದೀನಿ. ಹತ್ತು ಹನ್ನೊಂದು ದಿನದಿಂದ ಇಲ್ಲೇ ಇದೀನಿ, ಅದಕ್ಕೇ ನಮ್ಮ ಮನೆ ಫೋನ್ ತೆಗೆಯೋರಿಲ್ಲ. ನಿನ್ನ ಐದನೇ ತಾರೀಕಿನ ಕಾಗದವನ್ನ ಡೆಲ್ಫಿನಾ ನಮ್ಮ ಡಬ್ಬಿಯಿಂದ ತಂದುಕೊಟ್ಟಳು.

ಯಂತ್ರ ಓಡ್ತಿದೆ ಅಂತ ಬರೆದಿದ್ದೆನಲ್ಲ, ಸುಳ್ಳು. ನಾಲ್ಕು ದಿನ ಮುಂಚೆಯೇ ಅದು ಕೆಟ್ಟ ಸದ್ದು ಮಾಡಿ ಸುಮ್ಮನಾಗಿತ್ತು. ಕೋಪದಲ್ಲಿದ್ದೆ. ಯಂತ್ರ ನಿಂತಿದೆ ಅಂತ ಬರೆದರೆ ನಿನ್ನ ದೊಡ್ಡ ಯಂತ್ರಕ್ಕೆ ಸೋತ ಹಾಗಾಗುತ್ತೆ ಅನ್ನಿಸಿತು. ಡೆಲ್ಫಿನಾಗೂ ಹೇಳಲಿಲ್ಲ. ಬೆಳಿಗ್ಗೆ ಲೈಬ್ರರಿಗೆ ಹೋಗಿ ಕೂರ್ತಿದ್ದೆ, ಸಂಜೆ ಬರ್ತಿದ್ದೆ. ಜುಲೈ ಮೂರನೇ ತಾರೀಕು ಭಾನುವಾರ, ಮಾರನೇ ದಿನವೂ ರಜ, ಲೈಬ್ರರಿ ಬಾಗಿಲು ಹಾಕಿತ್ತು. ಮೋಡ ಕವಿದು ಗಾಳಿಯೆಲ್ಲ ಒದ್ದೆ ಕಂಬಳಿ ಥರ ಆಗಿತ್ತು. ಸೋಮವಾರ ಮಧ್ಯಾಹ್ನ ಕಾಳು ಬೇಯಿಸೋಣ ಅಂತ ಎದ್ದವಳಿಗೆ ಸಿಂಕ್ ದೂರ ದೂರ ಹೋದ ಹಾಗೆ ಕಂಡಿತು. ಬೆವರೇ ಬರ್ತಿರಲಿಲ್ಲ, ಅದು ಮಾತ್ರ ನೆನಪಿದೆ.

ಡೆಲ್ಫಿನಾ ತಮಾಲೆ ಕಡುಬು ಕೊಡೋಕೆ ಅಂತ ಬಂದಿದ್ದಾಳೆ. ನೆಲದ ಮೇಲೆ ನಾನು, ಒಲೆ ಮೇಲೆ ಕಾಳು. ಮನೆ ಒಳಗೆ ನೂರಾ ಮೂರು ಡಿಗ್ರಿ ಇತ್ತಂತೆ. ಆಸ್ಪತ್ರೆಯಲ್ಲಿ ಐದು ದಿನ. ಕೈಗೆ ಸೂಜಿ ಚುಚ್ಚಿದ್ದರಿಂದ ಬರೆಯೋಕಾಗಲಿಲ್ಲ ಅಂತ ಹೇಳಬಹುದು, ಆದರೆ ಅದು ಎಡಗೈ. ಹೆದರಿಕೆ ಆಗಿತ್ತು ಕಣೋ. ಬರೆದರೆ ನಿಜ ಆಗಿಬಿಡುತ್ತೆ ಅನ್ನಿಸ್ತಿತ್ತು.

ನಾನು ಮಲಗಿದ್ದಾಗ ಡೆಲ್ಫಿನಾ ತನ್ನ ಇಬ್ಬರು ತಂಗಿಯರನ್ನ ಕರಕೊಂಡು ಅಟ್ಟದ ಕೆಲಸ ಪೂರ್ತಿ ಮುಗಿಸಿದ್ದಾಳೆ. ಬೆಳಿಗ್ಗೆ ನಾಲ್ಕೂವರೆಗೆ ಹತ್ತಿ ಏಳಕ್ಕೆ ಇಳೀತಿದ್ದರಂತೆ, ಆಮೇಲೆ ಅಲ್ಲಿ ಮನುಷ್ಯರು ಇರೋಕಾಗಲ್ಲ. ಕೊಳವೆ ಕೀಲು ಮುಚ್ಚಿ, ಪುಡಿ ತುಂಬಿ, ಸೂರು ಬಿಳಿ ಮಾಡಿ. ಎಲ್ಲ ಸೇರಿ ಸಾವಿರದ ಒಂಬೈನೂರ ಎಪ್ಪತ್ತು, ನನ್ನ ಉಳಿತಾಯದಿಂದ ಕೊಟ್ಟೆ. ಮೊನ್ನೆ ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿದೆವು. ಹೊರಗೆ ನೂರ ಹದಿನಾಲ್ಕು, ಒಳಗೆ ಯಂತ್ರ ಇಲ್ಲದೆಯೂ ತೊಂಬತ್ತು. ನಾನು ಗೋಡೆಗೆ ಕೈ ಇಟ್ಟು ನಿಂತಿದ್ದೆ. ಡೆಲ್ಫಿನಾ, "ಏನು, ಜ್ವರ ನೋಡ್ತಿದೀಯಾ?" ಅಂದಳು. ಹೌದು, ಅದನ್ನೇ ನೋಡ್ತಿದ್ದೆ. ಜ್ವರ ಇಳಿದಿತ್ತು.

ತೊಂಬತ್ತರಲ್ಲಿ ಮಲಗೋಕೆ ಡಾಕ್ಟರ್ ಬಿಡ್ತಿಲ್ಲ. ಚಿಕ್ಕ ಯಂತ್ರಕ್ಕೆ ಮೂರು ಸಾವಿರದ ಒಂಬೈನೂರು ಆಗುತ್ತೆ. ಚಳಿಗಾಲಕ್ಕೆ ಕೂಡಿಸಿ ಹಾಕಿಸ್ತೀನಿ. ಅಲ್ಲೀವರೆಗೆ ಇಲ್ಲೇ ಇರ್ತೀನಿ, ಡೆಲ್ಫಿನಾ ಗೊರಕೆ ಹೊಡೀತಾಳೆ, ಬಿಟ್ಟರೆ ಏನೂ ತೊಂದರೆ ಇಲ್ಲ.

ಈಗ ನಿನ್ನ ಸರದಿ. ಆ ಹೆಂಗಸು ಯಾರು?

ಲಾಲಾ

—

ಸೀಡರ್ ಗುಡ್ಡ
ಜುಲೈ 26, 2016

ಅಕ್ಕಾ, ನನ್ನ ಅಕ್ಕಾ,

ನೀನು ನೆಲದ ಮೇಲೆ ಬಿದ್ದಿದ್ದಾಗ ನಾನಿಲ್ಲಿ ಒಲೆಗೆ ಸೌದೆ ಹಾಕ್ತಿದ್ದೆ. ಅದನ್ನ ಯೋಚಿಸ್ತಾ ಕೂತರೆ ಮುಂದೆ ಬರೆಯೋಕಾಗಲ್ಲ, ಅದಕ್ಕೆ ಬಿಡ್ತೀನಿ.

ಡೆಲ್ಫಿನಾಗೆ ಹೇಳು, ಅವಳ ಬಗ್ಗೆ ನಾನು ಬರೆದದ್ದೆಲ್ಲ ವಾಪಸ್ ತಗೊಂಡಿದೀನಿ ಅಂತ. ಸೆಕೆ ತಟ್ಟಲ್ಲ ಅಂದಿದ್ದೆ. ಅವಳು ಅದೇ ಸೆಕೆಯಲ್ಲಿ ನಮ್ಮ ಅಟ್ಟ ಹತ್ತಿದ್ದಾಳೆ.

ನನ್ನ ಕಣ್ಣು ಹೋಗ್ತಿದೆ ಅಕ್ಕಾ. ಪೂರ್ತಿ ಅಲ್ಲ. ಮಧ್ಯದಲ್ಲಿ ಒಂದು ಬೂದು ಕಲೆ, ಸುತ್ತ ಅಂಚಿನಲ್ಲಿ ಕಾಣುತ್ತೆ. ಯಾರನ್ನಾದರೂ ನೇರ ನೋಡಿದರೆ ಮುಖ ಇರಲ್ಲ, ಪಕ್ಕಕ್ಕೆ ನೋಡಿದರೆ ಕಿವಿ, ಟೋಪಿ ಕಾಣುತ್ತೆ. ಹೋದ ಚಳಿಗಾಲದಲ್ಲೇ ಡಾಕ್ಟರ್ ಹೇಳಿದ್ದರು. ಫೆಬ್ರವರಿಯಲ್ಲಿ ಬಂದದ್ದು ಅದನ್ನ ಹೇಳೋಕೆ. ಹತ್ತು ದಿನ ಇದ್ದೆ, ಹೇಳದೆ ಹೊರಟೆ. ನಿನ್ನ ಬಿಲ್ಲುಗಳನ್ನ ಭೂತಗನ್ನಡಿ ಹಿಡಿದು ಓದಿದೆ.

ಇನ್ನೊಂದು ಬೇಸಿಗೆ ನಿಭಾಯಿಸ್ತೀನಿ ಅಂದುಕೊಂಡೆ. ಜೂನ್ ಎರಡಕ್ಕೆ ಪೂರ್ವದ ಕಣಿವೇಲಿ ಹೊಗೆ ಎದ್ದಿತ್ತು. ನಾನು ಅದೇ ದಿಕ್ಕಿಗೆ ನೇರ ನೋಡ್ತಾ ನಿಂತಿದ್ದೆ, ಕಲೆಯೊಳಗೆ ಮುಚ್ಚಿಹೋಗಿತ್ತು. ಇಪ್ಪತ್ತು ಮೈಲಿ ಆಚೆಯ ಗೋಪುರದವಳು ನೋಡಿ ಹೇಳಿದಳು. ನಲವತ್ತು ಎಕರೆ ಸುಟ್ಟಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಕಣಿವೆಯ ಕೆಳಗೆ ಒಂದು ಕುಟುಂಬ ಡೇರೆ ಹಾಕಿತ್ತು ಅಂತ ಆಮೇಲೆ ಗೊತ್ತಾಯಿತು. ಅವತ್ತು ಸಂಜೆಯೇ ವೆಂಡೆಲ್‌ಗೆ ರೇಡಿಯೋದಲ್ಲಿ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಆರ್ವಿಲ್ ಅಂತ ನಿವೃತ್ತ ಮೇಷ್ಟ್ರೊಬ್ಬರನ್ನ ಕಳಿಸಿದ. ಈಗ ನೋಡೋದು ಅವರು, ಗುಡ್ಡಗಳ ಹೆಸರು ಹೇಳೋದು ನಾನು. ಸೆಪ್ಟೆಂಬರ್ ಕೊನೆಗೆ ನನ್ನ ಕೆಲಸ ಮುಗಿಯುತ್ತೆ.

ಆ ಹೆಂಗಸು ದೃಷ್ಟಿ ಕಡಿಮೆ ಆದವರಿಗೆ ನೆರವು ಕೊಡೋ ಸಂಸ್ಥೆಯವಳು. ಮುಂದೆ ನೀವು ಯಾವ ಮನೆಯಲ್ಲಿ ಇರ್ತೀರಿ ಅಂತ ಕೇಳಿದರು. ಬಾಯಿಗೆ ಬಂದದ್ದು ಯೂಮಾ ಅಂತ. ಅದಕ್ಕೇ ಮೆಟ್ಟಿಲು, ದೀಪ, ಚೌಕಟ್ಟಿನ ಬಣ್ಣ. ಬಿಳಿ ಗೋಡೆಯಲ್ಲಿ ಬಿಳಿ ಚೌಕಟ್ಟು ನನಗೆ ಕಾಣಲ್ಲ. ನಿನಗೆ ನಾನೇ ಮೊದಲು ಹೇಳಬೇಕು, ಅಲ್ಲೀವರೆಗೆ ಬಾಯಿ ಬಿಡಬೇಡಿ ಅಂತ ಕೇಳಿಕೊಂಡಿದ್ದೂ ನಾನೇ.

ಆರು ಸಾವಿರ ನನ್ನ ಟ್ರಕ್ ಮಾರಿದ್ದು. ಇನ್ನು ಓಡಿಸೋ ಹಾಗಿಲ್ಲ. ಎಂಟು ವರ್ಷ ಅಮ್ಮನ ಹೊರೆ ನಿನ್ನ ಮೇಲೆ ಬಿಟ್ಟು ಇಲ್ಲಿ ಮೋಡ ಎಣಿಸಿದವನು, ಈಗ ನನ್ನನ್ನೂ ನೋಡಿಕೋ ಅಂತ ಯಾವ ಮುಖ ಹೊತ್ತು ಕೇಳಲಿ? ಮನೆ ಪೂರ್ತಿ ತಂಪು ಮಾಡಿಸಿ, ಮುಂಗಡ ಬಾಡಿಗೆ ಅಂತ ಮನಸ್ಸಲ್ಲೇ ಇಟ್ಟುಕೊಂಡು, ಆಮೇಲೆ ಕೇಳೋಣ ಅಂದುಕೊಂಡೆ.

ಚೆಕ್ ಮತ್ತೆ ಇಟ್ಟಿದೀನಿ. ಚಿಕ್ಕ ಯಂತ್ರವನ್ನೇ ಹಾಕಿಸು. ಈ ವಾರವೇ ಹಾಕಿಸು. ಮಿಕ್ಕಿದ್ದೆಲ್ಲ ಆಮೇಲೆ.

ಚೆಂಚೊ

—

ಯೂಮಾ
ಆಗಸ್ಟ್ 7, 2016

ನನ್ನ ಕೋತಿ ಚೆಂಚೊ,

ಕಾಗದ ಮೂರು ಸಲ ಓದಿದೆ. ಮೊದಲನೇ ಸಲ ಅತ್ತೆ. ಎರಡನೇ ಸಲ ಬೈದೆ, ಡೆಲ್ಫಿನಾ ಗಾಬರಿಯಾಗಿ ಎದ್ದು ಬಂದಳು. ಮೂರನೇ ಸಲ ನಿನ್ನ ಬಾಡಿಗೆ ಮಾತಿಗೆ ಬಂದಾಗ ನಗು ಬಂತು. ಈ ಮನೆ ಅರ್ಧ ನಿನ್ನದೇ, ದಡ್ಡ. ನಿನಗೆ ನೀನೇ ಬಾಡಿಗೆ ಕಟ್ಟಿಕೊಳ್ತೀಯಾ?

ಚೆಕ್ ಬ್ಯಾಂಕಿಗೆ ಹಾಕಿದೆ. ಗುರುವಾರ ಯಂತ್ರ ಬಂತು, ಎರಡು ಟನ್ನಿನದು. ಡೆಲ್ಫಿನಾ ಕೂಲಿಯವರ ತಲೆ ಮೇಲೆ ನಿಂತು ಕೆಲಸ ಮಾಡಿಸಿದಳು. ಮಧ್ಯಾಹ್ನದ ಹೊತ್ತು ಎಪ್ಪತ್ತೆಂಟಕ್ಕೆ ಇಳಿದು ಅಲ್ಲೇ ನಿಂತಿತು. ಹಳೇದು ಎಡೆಬಿಡದೆ ಏದುಸಿರು ಬಿಡ್ತಿತ್ತು, ಇದು ಹತ್ತು ನಿಮಿಷ ಓಡಿ ಸುಮ್ಮನಾಗುತ್ತೆ. ಮನೆಗೆ ವಾಪಸ್ ಬಂದೆ.

ಒಟ್ಟು ಐದು ಸಾವಿರದ ಎಂಟುನೂರ ಎಪ್ಪತ್ತಾಯಿತು. ಬಿಲ್ಲಿನಲ್ಲಿ ಆಗೋ ಉಳಿತಾಯದಿಂದ ಈ ದುಡ್ಡು ವಾಪಸ್ ಬರೋಕೆ ಎಷ್ಟು ವರ್ಷ ಬೇಕು ಅಂದೆ. ಡೆಲ್ಫಿನಾ ಲಕೋಟೆ ಹಿಂದೆ ಲೆಕ್ಕ ಹಾಕಿ, ಆರೂವರೆ ವರ್ಷ ಅಂದಳು. ನನಗೆ ಆಗ ಎಪ್ಪತ್ಮೂರೂವರೆ, ನಿನಗೆ ಎಪ್ಪತ್ತು ಹತ್ತಿರ. ಅಲ್ಲೀವರೆಗೆ ನಾವಿಬ್ಬರೂ ಬದುಕಿರಬೇಕು ನೋಡು, ಇಲ್ಲದಿದ್ದರೆ ನಷ್ಟ.

ಆ ಹೆಂಗಸಿಗೆ ನಾನೇ ಫೋನ್ ಮಾಡಿದೆ. ನಿಮ್ಮ ಮುಖಕ್ಕೆ ಬಾಗಿಲು ಹಾಕಿದವಳು ನಾನು, ಕ್ಷಮಿಸಿ, ಬನ್ನಿ ಅಂದೆ. ಬಂದಳು. ಕಾಫಿ ಕುಡಿದಳು. ಚೌಕಟ್ಟುಗಳಿಗೆ ಕಡು ನೀಲಿ ಬಳಿದಿದೀನಿ. ಅಮ್ಮ ಇದ್ದಿದ್ದರೆ ಬೈತಿದ್ದಳು, ಆಮೇಲೆ ತಾನೇ ಬ್ರಷ್ ಹಿಡೀತಿದ್ದಳು.

ಈಗ ಕೇಳು. ಪಡುವಣ ಕೋಣೆ ಗೊತ್ತಲ್ಲ, ಮೇನಿಂದ ಸೆಪ್ಟೆಂಬರ್‌ವರೆಗೆ ಯಾರೂ ಕಾಲಿಡ್ತಿರಲಿಲ್ಲ. ಆಲೂಗಡ್ಡೆ ಇಟ್ಟರೆ ಕೊಳೀತಿತ್ತು. ನಿನ್ನೆ ಸಂಜೆ ನಾಲ್ಕಕ್ಕೆ, ಬಿಸಿಲು ಆ ಗೋಡೆಗೇ ಬಡೀತಿದ್ದಾಗ, ಅಲ್ಲಿ ಮಂಚದ ಮೇಲೆ ಮಲಗಿ ನೋಡಿದೆ. ಒಂದು ಗಂಟೆ ನಿದ್ದೆ ಬಂತು. ಐವತ್ತು ವರ್ಷದಲ್ಲಿ ಆ ಕೋಣೇಲಿ ಬೇಸಿಗೇಲಿ ನಿದ್ದೆ ಮಾಡಿದವರು ಯಾರೂ ಇಲ್ಲ. ಬಿಲ್ಲು ಇಳಿಯೋದು ಇಳೀಲಿ, ನಮಗೆ ಮನೆಯೊಳಗೇ ಒಂದು ಕೋಣೆ ಹೊಸದಾಗಿ ಸಿಕ್ಕಿತು. ಆ ಕೋಣೆ ನಿನ್ನದು.

ಬರ್ತೀಯ ಅಂತ ಬರಿ. ನನ್ನ ಸೊಂಟ ನೋವು, ಡೆಲ್ಫಿನಾಳ ಗೊರಕೆ, ಮತ್ತೆ ಬಟಾಣಿ ಥರ ಕಣ್ಣಿರೋ ಆ ಪಾದ್ರಿ, ಎಲ್ಲರ ಬಗ್ಗೆಯೂ ನಿನ್ನ ಹತ್ತಿರ ಮಾತಾಡೋದಿದೆ.

ಲಾಲಾ

—

ಸೀಡರ್ ಗುಡ್ಡ
ಸೆಪ್ಟೆಂಬರ್ 6, 2016

ಅಕ್ಕಾ,

ಒಂದು ತಿಂಗಳು ಬರೆಯಲಿಲ್ಲ. ಕ್ಷಮಿಸು. ಈ ಕಾಗದವನ್ನ ನಾನು ಹೇಳ್ತಿದೀನಿ, ಆರ್ವಿಲ್ ಮೇಷ್ಟ್ರು ಬರೀತಿದಾರೆ. ನಿನ್ನ ಕಾಗದ ಓದಿದ್ದೂ ಅವರೇ. ಜುಲೈನಿಂದ ಎಲ್ಲವನ್ನೂ ಅವರೇ ಓದಿ ಹೇಳ್ತಿದಾರೆ, ನಿನಗೆ ಹೇಳೋಕೆ ನಾಚಿಕೆ ಆಯಿತು. ಪಾದ್ರಿಯ ಬಟಾಣಿ ಕಣ್ಣಿಗೆ ತುಂಬ ನಕ್ಕರು. ಡೆಲ್ಫಿನಾಳ ಗೊರಕೆ ವಿಷಯ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದಾರೆ.

ಬಾಯ್ಸಿ ಪೇಟೆಯಲ್ಲಿ ನನ್ನಂಥವರಿಗೆ ಒಂದು ವಸತಿ ಗೃಹ ಇದೆ. ಒಂದು ಕೋಣೆ ಖಾಲಿ ಇದೆಯಂತೆ, ಇಪ್ಪತ್ತನೇ ತಾರೀಕಿನೊಳಗೆ ಹೇಳಬೇಕು. ಊಟ ಅವರೇ ಕೊಡ್ತಾರೆ. ಅಲ್ಲಿಗೆ ಹೋಗೋದು ವಾಸಿ ಅನ್ನಿಸುತ್ತೆ. ನಿನಗೂ ಆರೋಗ್ಯ ಸರಿ ಇಲ್ಲ. ಮುಂದೆ ನನಗೆ ತಟ್ಟೆಯಲ್ಲಿ ಏನಿದೆ ಅಂತಲೂ ಕಾಣದೆ ಹೋಗಬಹುದು. ಮನೆ ತಂಪಾಯಿತು, ಅಷ್ಟು ಸಾಕು ನನಗೆ. ಆ ಕೋಣೆಯನ್ನ ಯಾರಿಗಾದರೂ ಬಾಡಿಗೆಗೆ ಕೊಡು, ನಾಲ್ಕು ಕಾಸು ಬರುತ್ತೆ.

ಬೇಜಾರು ಮಾಡಿಕೊಳ್ಳಬೇಡ. ಯೋಚಿಸಿಯೇ ಹೇಳ್ತಿದೀನಿ.

ಚೆಂಚೊ

(ಅಮ್ಮಾ, ನಾನು ಆರ್ವಿಲ್. ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೆದಿದ್ದೇನೆ. ಹೇಳದೆ ಇದ್ದದ್ದು ಒಂದಿದೆ. ನೀವು ಪಡುವಣ ಕೋಣೆಯ ಬಗ್ಗೆ ಬರೆದದ್ದನ್ನ ಪ್ರತಿದಿನ ಒಂದು ಸಲ ಓದಿಸುತ್ತಾರೆ.)

—

ಯೂಮಾ
ಸೆಪ್ಟೆಂಬರ್ 12, 2016

ಹಾಳೆ 1

ಚೆಂಚೊ,
ದಪ್ಪ ಕಪ್ಪು ಪೆನ್ನು ತಂದಿದೀನಿ.
ಒಂದು ಹಾಳೆಗೆ ನಾಲ್ಕೇ ಸಾಲು.
ಮೇಷ್ಟ್ರಿಗೆ ಕೊಡಬೇಡ. ಪಕ್ಕಕ್ಕೆ ನೋಡಿ ನೀನೇ ಓದು.

ಹಾಳೆ 2

ಆಗಸ್ಟ್ ಬಿಲ್ಲು ನೂರ ನಲವತ್ತಾರು.
ಹೋದ ವರ್ಷ ಮುನ್ನೂರ ಐದು.
ಉಳಿದದ್ದರಲ್ಲಿ ನಿನ್ನ ಟಿಕೆಟ್
ತಗೊಂಡಿದೀನಿ. ಜೊತೆಗಿದೆ.

ಹಾಳೆ 3

ಅಮ್ಮನನ್ನ ನೋಡಿಕೊಂಡಿದ್ದು ಹೊರೆ
ಅಂತ ನಾನು ಎಂದೂ ಬರೆದಿಲ್ಲ.
ಲೆಕ್ಕ ಕೇಳಿಲ್ಲ ಅಂತ ಬರೆದೆ.
ಹೊರೆ ಅನ್ನೋದು ನಿನ್ನ ಮಾತು.

ಹಾಳೆ 4

ಅಡುಗೆಮನೇಲಿ ನಾನು ಬಿದ್ದಾಗ
ಮನೇಲಿ ಇನ್ನೊಂದು ಜೀವ ಇರಲಿಲ್ಲ.
ಅದಕ್ಕೆ ಯಾವ ಯಂತ್ರವೂ ಸಿಗಲ್ಲ.
ನೋಡೋಕಾಗದಿದ್ದರೂ ಕೂಗೋಕಾಗುತ್ತಲ್ಲ ನಿನಗೆ?

ಹಾಳೆ 5

ಕೋಣೆ ಬಾಡಿಗೆಗೆ ಇಲ್ಲ.
ಬಾಯ್ಸಿಯವರಿಗೆ ಬರಲ್ಲ ಅಂತ ಹೇಳು.
ಇಪ್ಪತ್ತೇಳು ಮಂಗಳವಾರ ಹೊರಡು,
ಗುರುವಾರ ಮಧ್ಯಾಹ್ನ ಬಸ್ಸು ಯೂಮಾಗೆ ಬರುತ್ತೆ.

ಹಾಳೆ 6

ಬಸ್ ಸ್ಟ್ಯಾಂಡಿನಲ್ಲಿ ಜನ ಜಾಸ್ತಿ.
ನನ್ನ ಮುಖ ಹುಡುಕಬೇಡ.
ನಿನ್ನ ಹೆಸರು ಹಿಡಿದು ಕೂಗ್ತಾ ಇರ್ತೀನಿ.
ಆ ಕಡೆಗೆ ನಡೆದು ಬಾ.